ಓಪನ್‌ಬಿಎಸ್‌ಡಿ ಕನ್ಸೋಲ್‌ಗೆ ವಿಟಿ220 ಇರಲಾ, ಬದಲಾಯಿಸಲಾ?

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು):
ಮನೆಯ ಹಳೆ ಲ್ಯಾಪ್‌ಟಾಪ್‌ಗೆ ಓಪನ್‌ಬಿಎಸ್‌ಡಿ (ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್) ಹಾಕಿದ್ದೇನೆ. ಕನ್ಸೋಲ್‌ನಲ್ಲಿ (ಅಕ್ಷರ ಮಾತ್ರ ತೋರಿಸುವ ಪರದೆ) ವಿಮ್ ಎಡಿಟರ್ ತೆರೆದರೆ ಬರೀ ಬಿಳಿ ಅಕ್ಷರ. ಕಾಮೆಂಟ್ ಯಾವುದು, ಕೋಡ್ ಯಾವುದು ಗೊತ್ತಾಗುತ್ತಿಲ್ಲ. ಟರ್ಮ್ (ಇದು ಯಾವ ಬಗೆಯ ಟರ್ಮಿನಲ್ ಅಂತ ಪ್ರೋಗ್ರಾಂಗಳಿಗೆ ಹೇಳುವ ಸೆಟ್ಟಿಂಗ್) ನೋಡಿದರೆ ವಿಟಿ220. 1983ರ ಟರ್ಮಿನಲ್ ಅಲ್ವಾ ಅದು? ಅದರ ಬದಲು ಎಕ್ಸ್‌ಟರ್ಮ್ ಅನ್ನುವ ಟರ್ಮಿನಲ್ ಹೆಸರು ಹಾಕಿಬಿಡಲಾ?

ಉತ್ತರ (ಕೋಲಾರ):
ಎಕ್ಸ್‌ಟರ್ಮ್ ಬೇಡ. ನಾನು ಹಾಕಿ ಒಂದು ರಾತ್ರಿ ಪೂರ್ತಿ ಒದ್ದಾಡಿದ್ದೇನೆ. ಫೈಲ್ ಓದುವ ಲೆಸ್ ಪ್ರೋಗ್ರಾಂನಲ್ಲಿ ಹೋಮ್ ಕೀ ಒತ್ತಿದರೆ ಫೈಲಿನ ಮೊದಲಿಗೆ ಹೋಗಲೇ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಸುಮ್ನೆ ಬಿಚ್ಚಿ ಒರೆಸಿದೆ. ಕನ್ಸೋಲ್ ಕಳಿಸುವ ಕೋಡ್ ಬೇರೆ, ಎಕ್ಸ್‌ಟರ್ಮ್ ವಿವರದಲ್ಲಿ ಇರುವುದು ಬೇರೆ. ಈ ಬಗೆಯ ಕನ್ಸೋಲ್‌ಗಾಗಿಯೇ ಇರುವ ಡಬ್ಲ್ಯುಎಸ್‌ವಿಟಿ25 ಹಾಕಿ. ವಿಟಿ220ರ ವಿವರದಲ್ಲಿ ಬಣ್ಣ ಇಲ್ಲ, ಇದರಲ್ಲಿ ಇದೆ. ಟರ್ಮಿನಲ್‌ಗಳ ಪಟ್ಟಿ ಇರುವ ಟಿಟಿವೈಸ್ ಫೈಲಿನಲ್ಲಿ, ಕನ್ಸೋಲ್‌ನ ಸಾಲಿನಲ್ಲಿ ವಿಟಿ220 ತೆಗೆದು ಇದನ್ನು ಹಾಕಿದರೆ ಸಾಕು.

ಉತ್ತರ (ಚಿಕ್ಕಬಳ್ಳಾಪುರ):
ಇನ್ನೊಂದು ಬಿಎಸ್‌ಡಿ ಸಿಸ್ಟಮ್ ಆದ ಫ್ರೀಬಿಎಸ್‌ಡಿ 9ರಲ್ಲಿ ಕಾನ್ಸ್25 ಅನ್ನುವ ಹಳೆ ಟರ್ಮಿನಲ್ ಹೆಸರು ಬಿಟ್ಟು ಎಕ್ಸ್‌ಟರ್ಮ್‌ಗೆ ಹೋದರು. ಆದರೆ ಅವರು ಕನ್ಸೋಲ್‌ನ ಎಮ್ಯುಲೇಟರ್ (ಟರ್ಮಿನಲ್‌ನಂತೆ ನಡೆದುಕೊಳ್ಳುವ ಭಾಗ) ಅನ್ನೇ ಹೊಸದಾಗಿ ಬರೆದಿದ್ದರು. ಬರೀ ಹೆಸರು ಬದಲಾಯಿಸಿದರೆ ಆಗುವುದಿಲ್ಲ. ಡಬ್ಲ್ಯುಎಸ್‌ವಿಟಿ25 ಗೊತ್ತಿಲ್ಲದ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡುವಾಗ ಮಾತ್ರ ವಿಟಿ220 ಕೊಟ್ಟು ಹೋಗಿ. ಅದು ಜಾಸ್ತಿ ಕಡೆ ಗೊತ್ತಿರುವ ಹೆಸರು.

ಪ್ರಶ್ನೆ ಕೇಳಿದವರು:
ಹಾಕಿ ಲಾಗಿನ್ ಆದೆ. ಕಾಮೆಂಟ್ ನೀಲಿ ಬಣ್ಣದಲ್ಲಿ ಕಾಣುತ್ತಿದೆ, ಹೋಮ್ ಕೀನೂ ಸರಿ ಇದೆ. ತುಂಬಾ ಥ್ಯಾಂಕ್ಸ್.