ಸಹಾಯ ಬೇಕು: ಟಾಹೋ ಮನೆಯ ಪೈಪು ಚಳಿಗೆ ಒಡೆಯದ ಹಾಗೆ

ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಕಡೆ, ಟ್ರಕೀ ಊರಿನ ಹತ್ತಿರದ ಮನೆ, ಸುಮಾರು 6,000 ಅಡಿ ಎತ್ತರ. ಸ್ಕೀ ಸೀಸನ್‌ನಲ್ಲಿ ವಾರಾಂತ್ಯಕ್ಕಷ್ಟೇ ಜನ, ಉಳಿದ ದಿನ ಬೀಗ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿಟ್ಟರೆ ಸಾಕು ಅಂತಾರೆ. ಆದರೆ ಕರೆಂಟ್ ಹೋದರೆ ಮನೆ ಬಿಸಿ ಮಾಡೋ ಗ್ಯಾಸ್ ಫರ್ನೇಸ್‌ನ ಬ್ಲೋವರೂ (ಬಿಸಿಗಾಳಿ ಊದೋ ಫ್ಯಾನ್) ನಿಲ್ಲುತ್ತೆ. ಹಿಮಗಾಳಿ ಎದ್ದಾಗ ಕರೆಂಟನ್ನ ನಂಬೋ ಹಾಗಿಲ್ಲ. ಹಾಗಾಗಿ ಪ್ರತಿ ಸಲ ಹೊರಡುವಾಗ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು, ಎಲ್ಲಕ್ಕಿಂತ ಕೆಳಗಿನ ಡ್ರೈನ್‌ನಿಂದ ನೀರು ಬಸಿದು, ಕಮೋಡ್ ಫ್ಲಶ್ ಮಾಡಿ, ಸಿಂಕ್ ಟ್ರ್ಯಾಪ್‌ಗಳಿಗೆ (ಸಿಂಕ್ ಕೆಳಗೆ ನೀರು ನಿಲ್ಲೋ ಬಾಗಿದ ಪೈಪು) ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್, ಅಂದ್ರೆ ಹೆಪ್ಪುಗಟ್ಟದ ಹಾಗೆ ತಡೆಯೋ ದ್ರವ, ಸುರಿಯೋ ಯೋಚನೆ. (ಕಾರಿಗೆ ಹಾಕೋ ಹಸಿರು ಬೇಡ, ವಿಷ.)

ಗೊತ್ತಿರೋರು ಹೇಳಿ: ಡಿಶ್‌ವಾಷರ್, ವಾಷಿಂಗ್ ಮಷೀನ್‌ನ ಇನ್‌ಲೆಟ್ ವಾಲ್ವ್‌ನಲ್ಲಿ (ನೀರು ಒಳಬರೋ ವಾಲ್ವ್) ಉಳಿಯೋ ನೀರನ್ನ ಏರ್ ಕಂಪ್ರೆಸರ್ ಇಲ್ಲದೆ ತೆಗೆಯೋದು ಹೇಗೆ? 50 ಗ್ಯಾಲನ್ ಗ್ಯಾಸ್ ವಾಟರ್ ಹೀಟರ್ ಪೈಲಟ್ ಜ್ವಾಲೆಯದು (ಸದಾ ಉರಿಯೋ ಸಣ್ಣ ಜ್ವಾಲೆ), ಕರೆಂಟ್ ಬೇಕಿಲ್ಲ. ಅದನ್ನೂ ಪ್ರತಿ ಸಲ ಖಾಲಿ ಮಾಡಬೇಕಾ?