ಪದ ಬೇಕು: ‘ಬ್ರಾಂಚ್ ಸ್ವಿಚ್ ಮಾಡಿ, ಆಮೇಲೆ ಬಗ್ ಹುಡುಕಿ’ (ಶನಿವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪ್ರೋಗ್ರಾಂನ ಹಳೆ-ಹೊಸ ರೂಪಗಳನ್ನು ಕಾದಿಡುವ ಗಿಟ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಲ್ಯಾಬಿನ ಗೋಡೆಗೆ ಒಂದು ಕನ್ನಡ ಫಲಕ ಹಾಕಬೇಕು. ಅದರಲ್ಲಿ ಬ್ರಾಂಚ್ ಅಂದರೆ ಒಂದೇ ಪ್ರೋಗ್ರಾಂ ಬೇರೆಯಾಗಿ ಬೆಳೆಯುವ ಒಂದು ದಾರಿ. ಶನಿವಾರ ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತ ಫ್ಲೆಕ್ಸ್ ಅಂಗಡಿಯವರು ಹೇಳಿದ್ದಾರೆ. ಉಳಿದದ್ದೆಲ್ಲ ಆಗಿದೆ. ಒಂದು ಸಾಲು ಮಾತ್ರ ಕೂರುತ್ತಿಲ್ಲ:

‘ದೋಷ ಹುಡುಕುವ ಮೊದಲು ಶಾಖೆ ಬದಲಿಸಿ.’

ಈ ಸಾಲು ಬೇಕೇ ಬೇಕು. ಹೋದ ತಿಂಗಳು ಒಬ್ಬ ಹುಡುಗಿ ಇದಕ್ಕಾಗಿಯೇ ಇಡೀ ಮಧ್ಯಾಹ್ನ ಕಳೆದಳು. ತಪ್ಪು ಇದ್ದದ್ದು ಮೇನ್ ಅನ್ನುವ ಬ್ರಾಂಚಿನಲ್ಲಿ. ಅವಳು ಕೂತಿದ್ದದ್ದು ತನ್ನ ಅರ್ಧ ಬರೆದ ಬ್ರಾಂಚಿನಲ್ಲಿ. ಅಲ್ಲಿ ಆ ಫಂಕ್ಷನ್ನೇ ಬೇರೆ ಥರ ಇತ್ತು. ಎಷ್ಟು ಸಲ ಓಡಿಸಿದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ‘ಸರ್, ನನ್ನ ಹತ್ರ ತಪ್ಪೇ ಇಲ್ಲ’ ಅಂದಳು. ‘ಗಿಟ್ ಬ್ರಾಂಚ್’ ಅಂತ ಹೊಡೆಸಿದೆ. ಈಗ ಕೂತಿರುವ ಬ್ರಾಂಚನ್ನು ತೋರಿಸುವ ನಕ್ಷತ್ರದ ಗುರುತು ಯಾವ ಹೆಸರಿನ ಮುಂದಿದೆ ಅಂತ ನೋಡಿದ ಮೇಲೆ ಮಾತೇ ಆಡಲಿಲ್ಲ.

ಫಲಕದ ಕರಡನ್ನು ಜಗಳೂರಿನಿಂದ ಓಡಾಡುವ ಒಬ್ಬ ಹುಡುಗನಿಗೆ ತೋರಿಸಿದೆ. ‘ಶಾಖೆ ಬದಲಿಸಿ ಅಂದ್ರೆ ಬ್ರಾಂಚ್ ಚೇಂಜಾ ಸರ್? ಸಿವಿಲ್‌ನಿಂದ ಸಿಎಸ್‌ಗೆ?’ ಅಂತ ಕೇಳಿದ. ತಮಾಷೆಗಲ್ಲ, ಇಂಜಿನಿಯರಿಂಗ್ ವಿಭಾಗ ಬದಲಿಸುವುದು ಅಂತಲೇ ಅವನು ಓದಿಕೊಂಡಿದ್ದ.

ಕವಲು, ಟಿಸಿಲು, ಕೊಂಬೆ: ಯಾವುದು ಹಾಕಲಿ? ‘ಬದಲಿಸು’ ಸರಿಯಾ? ಬಗ್‌ಗೆ ‘ದೋಷ’ ಸಾಕಾ?

ಉತ್ತರ 1, ಹರಿಹರ

ಬ್ರಾಂಚ್ ಅಂತಲೇ ಬರೆಯಿರಿ. ಟೈಪ್ ಮಾಡುವುದು ಇಂಗ್ಲಿಷ್ ಕಮಾಂಡ್. ಗೋಡೆ ಮೇಲೆ ಬೇರೆ ಪದ ಇದ್ದರೆ ಮಕ್ಕಳು ಒಂದನ್ನೇ ಎರಡು ಸಲ ಕಲಿಯಬೇಕು. ಚರ್ಚೆ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ಉತ್ತರ 2, ಚಿತ್ರದುರ್ಗ

ಏನೂ ಇಲ್ಲ ಅಂದವರು ಆ ಜಗಳೂರಿನ ಹುಡುಗನ ಮಾತನ್ನು ಸರಿಯಾಗಿ ಓದಿಲ್ಲ. ಅವನು ಎಡವಿದ್ದು ‘ಶಾಖೆ’ಯಲ್ಲಿ ಅಲ್ಲ, ‘ಬದಲಿಸಿ’ಯಲ್ಲಿ. ‘ಬ್ರಾಂಚ್ ಬದಲಿಸಿ’ ಅಂತ ಬರೆದಿದ್ದರೂ ಅದನ್ನೇ ಕೇಳುತ್ತಿದ್ದ.

ಬಲ್ಬ್ ಬದಲಿಸು ಅಂದರೆ ಹಳೆಯದು ತೆಗೆದು ಹೊಸದು ಹಾಕು. ಹೆಸರು ಬದಲಿಸು ಅಂದರೆ ಇರುವುದನ್ನೇ ತಿದ್ದು. ಎರಡರಲ್ಲೂ ಕೈ ಬೀಳುವುದು ವಸ್ತುವಿನ ಮೇಲೆ. ಗಿಟ್‌ನಲ್ಲಿ ಸ್ವಿಚ್ ಮಾಡಿದರೆ ಬ್ರಾಂಚಿಗೆ ಏನೂ ಆಗುವುದಿಲ್ಲ. ಎರಡೂ ಇದ್ದಲ್ಲೇ ಇರುತ್ತವೆ, ಹೋಗುವವರು ನಾವು. ಹಾಗಾಗಿ ಇಲ್ಲಿ ದ್ವಿತೀಯೆ ಬೇಡ, ಚತುರ್ಥಿ ಬೇಕು. ‘ಮೇನ್ ಕವಲಿಗೆ ಹೊರಳಿ.’ ಆ ‘ಗೆ’ ಅನ್ನುವ ಒಂದು ಅಕ್ಷರ ಅರ್ಧ ಪಾಠ ಹೇಳಿಬಿಡುತ್ತದೆ.

ಇಂಗ್ಲಿಷಿನವರಿಗೂ ಇದೇ ಗೋಳು ಇತ್ತು. ಚೆಕ್‌ಔಟ್ ಅನ್ನುವ ಒಂದೇ ಕಮಾಂಡಿಗೆ ಎರಡು ಕೆಲಸ. ಬ್ರಾಂಚಿನ ಹೆಸರು ಕೊಟ್ಟರೆ ಅಲ್ಲಿಗೆ ಹೋಗುತ್ತದೆ. ಫೈಲಿನ ಹೆಸರು ಕೊಟ್ಟರೆ ನೀವು ಹೊಸದಾಗಿ ತಿದ್ದಿದ್ದನ್ನು ಅಳಿಸಿ ಹಳೆಯದನ್ನು ತಂದಿಡುತ್ತದೆ. ಎಷ್ಟು ಜನರ ಕೆಲಸ ಹೀಗೆ ಹೋಗಿದೆಯೋ! 2019ರ ಆಗಸ್ಟಿನಲ್ಲಿ 2.23ನೇ ಆವೃತ್ತಿ ಬಂದಾಗ ಎರಡನ್ನೂ ಬಿಡಿಸಿದರು. ಹೋಗುವುದಕ್ಕೆ ಸ್ವಿಚ್, ಹಳೆಯದನ್ನು ತರುವುದಕ್ಕೆ ರಿಸ್ಟೋರ್. ಅವರು ಬಿಡಿಸಿದ ಗಂಟನ್ನು ನಾವು ‘ಬದಲಿಸು’ ಅಂತ ಮತ್ತೆ ಹಾಕುವುದು ಬೇಡ.

ಹೊರಳು ಯಾಕೆ ಅಂದರೆ, ನಮ್ಮ ಕಡೆ ದಾರಿ ಕೇಳಿದರೆ ‘ಸರ್ಕಲ್ ದಾಟಿ ಎಡಕ್ಕೆ ಹೊಳ್ಳಿ’ ಅನ್ನುತ್ತಾರೆ. ಅದೇ ಮಾತು.

ಇನ್ನು ಕವಲು. ಕವೆ, ಕವೆಗೋಲು, ತಮಿಳಿನ ಕವೈ, ಎಲ್ಲ ಒಂದೇ ಬೇರು. ನಮ್ಮಜ್ಜ ಬೇಲಿಗೆ ಜಾಲಿಮುಳ್ಳು ಒತ್ತುವಾಗ ಹಿಡಿಯುತ್ತಿದ್ದದ್ದು ಕವೆಗೋಲು. ತುದಿಯಲ್ಲಿ ಎರಡು ಬೆರಳು, ಎರಡೂ ಹೆಚ್ಚುಕಮ್ಮಿ ಒಂದೇ ದಪ್ಪ. ಕೊಂಬೆ ಅಂದರೆ ಕಾಂಡ ದೊಡ್ಡದು, ಕೊಂಬೆ ಸಣ್ಣದು ಅನ್ನುವ ಲೆಕ್ಕ ಬರುತ್ತದೆ. ಗಿಟ್‌ನಲ್ಲಿ ಆ ಮೇಲುಕೀಳು ಇಲ್ಲ. ಮೇನ್ ಕೂಡ ಒಂದು ಬ್ರಾಂಚೇ ಅಲ್ವಾ? ಟಿಸಿಲು ಚಿಗುರಿನ ಮಾತು, ಬಿಡಿ.

ದೋಷವೂ ಬೇಡ. ಅದು ಜಾತಕಕ್ಕೆ ಹೋಗುತ್ತದೆ. ನಮ್ಮಲ್ಲಿ ‘ಹುಳುಕು’ ಇದೆ. ಹುಳುಕು ಹಲ್ಲು ಹೊರಗೆ ಬೆಳ್ಳಗೆ, ಒಳಗೆ ತೂತು. ಹುಳುವಿನಿಂದಲೇ ಹುಳುಕು, ಇಂಗ್ಲಿಷಿನ ‘ಬಗ್’ ಅಂದರೂ ಹುಳುವೇ. 1947ರಲ್ಲಿ ಹಾರ್ವರ್ಡಿನ ಯಂತ್ರದಲ್ಲಿ ಸಿಕ್ಕ ಪತಂಗದಿಂದ ‘ಬಗ್’ ಹುಟ್ಟಿತು ಅಂತ ಯಾರೂ ಬರೆಯಬೇಡಿ. ಎಡಿಸನ್ 1878ರ ಪತ್ರದಲ್ಲೇ ಆ ಪದ ಬಳಸಿದ್ದಾನೆ. ಯಂತ್ರದ ತೊಂದರೆಗೆ ಹುಳುವಿನ ಹೆಸರು ಅಷ್ಟು ಹಳೆಯದು.

ಉತ್ತರ 3, ದಾವಣಗೆರೆ

ಹುಳುಕು ಖಂಡಿತ ಬೇಡ. ಹುಳುಕು ಹುಡುಕುವವನು ಅಂದರೆ ಬೇಕಂತಲೇ ತಪ್ಪು ಎತ್ತಿ ಆಡುವವನು. ಓದುವ ಮಕ್ಕಳ ಕಣ್ಣೆದುರು ಅದನ್ನು ಬರೆಯಬಾರದು. ಸುಮ್ನೆ ‘ತಪ್ಪು’ ಅನ್ನಿ.

ಶಾಖೆಗೆ ಏನಾಗಿದೆ? ಭದ್ರಾ ಬಲದಂಡೆ ನಾಲೆಯಿಂದ ಒಡೆದು ನಮ್ಮೂರ ಕಡೆ ಬರುವುದಕ್ಕೆ ದಾವಣಗೆರೆ ಶಾಖಾ ನಾಲೆ ಅಂತಲೇ ಹೆಸರು. ಸಂಸ್ಕೃತದ್ದು ಅಂದ ತಕ್ಷಣ ಹೊರಗಿಡುವ ಚಾಳಿ ಈ ಗುಂಪಿನಲ್ಲಿ ಜಾಸ್ತಿಯಾಗಿದೆ. ಜಿಲ್ಲೆ, ತಾಲ್ಲೂಕು, ವಕೀಲ, ಅರ್ಜಿ ಎಲ್ಲ ಅರಬ್ಬಿಯಿಂದ ಬಂದವು. ಅವುಗಳ ಮೇಲೆ ಇಲ್ಲದ ಸಿಟ್ಟು ಸಂಸ್ಕೃತದ ಮೇಲೆ ಯಾಕೆ?

ಉತ್ತರ 2, ಚಿತ್ರದುರ್ಗ

ಸರ್, ಸಂಸ್ಕೃತ ಅಂತ ಬೇಡ ಅಂದವನು ನಾನಲ್ಲ. ‘ಆವೃತ್ತಿ’ ಅಂತ ನಾನೇ ಬರೆದಿದ್ದೇನೆ. ಶಾಖಾ ನಾಲೆ ಇರುವುದು ಇಲಾಖೆಯ ಬೋರ್ಡಿನ ಮೇಲೆ. ಗದ್ದೆಯಲ್ಲಿ ನಿಂತವರು ‘ಚಾನಲ್ಲಿಗೆ ನೀರು ಬಿಟ್ರು’ ಅನ್ನುತ್ತಾರೆ. ಅರ್ಜಿ ಬಾಯಲ್ಲಿದೆ, ಅದಕ್ಕೇ ಉಳಿದಿದೆ. ಶಾಖೆ ಬ್ಯಾಂಕಿಗೆ ಅಂಟಿಕೊಂಡಿದೆ. ನನ್ನ ತಕರಾರು ಅಷ್ಟೇ. ಹುಳುಕಿನ ಬಗ್ಗೆ ನೀವು ಹೇಳಿದ್ದು ಸರಿ, ಒಪ್ಪಿದೆ.

ಉತ್ತರ 1, ಹರಿಹರ

ಬಾಯಲ್ಲಿರುವುದೇ ಉಳಿಯುವುದಾದರೆ ಲ್ಯಾಬಿನ ಬಾಯಲ್ಲಿರುವುದು ಬ್ರಾಂಚ್. ನಾನು ಮೊದಲೇ ಹೇಳಿದ್ದು ಅದನ್ನೇ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಹರಿಹರದವರ ‘ಬ್ರಾಂಚ್’ ಉಳಿಸಿಕೊಂಡೆ, ದುರ್ಗದವರ ‘ಗೆ’ ಮತ್ತು ‘ಹೊರಳಿ’ ತೆಗೆದುಕೊಂಡೆ, ನಮ್ಮೂರಿನ ಸರ್ ಹೇಳಿದ ‘ತಪ್ಪು’ ಹಾಕಿದೆ. ಈಗ ಸಾಲು ಹೀಗಿದೆ:

‘ಯಾವ ಬ್ರಾಂಚಿನಲ್ಲಿದ್ದೀರಿ, ಮೊದಲು ನೋಡಿ. ತಪ್ಪು ಕಂಡ ಬ್ರಾಂಚಿಗೆ ಹೊರಳಿ. ಆಮೇಲೆ ಹುಡುಕಿ.’

ಜಗಳೂರಿನ ಹುಡುಗನಿಗೆ ಮತ್ತೆ ತೋರಿಸಿದೆ. ಸಿವಿಲ್ ಸುದ್ದಿ ಎತ್ತಲಿಲ್ಲ. ‘ಕಮಿಟ್ ಮಾಡದೆ (ಗಿಟ್‌ನಲ್ಲಿ ದಾಖಲಿಸದೆ) ಹೊರಳಿದ್ರೆ ನಾನು ಬರೆದದ್ದು ಏನಾಗುತ್ತೆ ಸರ್?’ ಅಂತ ಕೇಳಿದ. ಆ ತಿದ್ದುಪಡಿ ಅಳಿದುಹೋಗುವ ಹಾಗಿದ್ದರೆ ಗಿಟ್ ಹೊರಳಲು ಬಿಡುವುದಿಲ್ಲ, ಇಲ್ಲದಿದ್ದರೆ ಅದೂ ಜೊತೆಗೇ ಬರುತ್ತದೆ ಅಂದೆ. ಸ್ಟ್ಯಾಶ್ ಮಾಡಿ, ಅಂದರೆ ಆ ತಿದ್ದುಪಡಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಹೋಗುವುದು ಒಳ್ಳೆಯದು ಅಂತಲೂ ಹೇಳಿದೆ. ಅದನ್ನೂ ಫಲಕಕ್ಕೆ ಸೇರಿಸಬೇಕು ಅನ್ನಿಸಿದೆ.

ಸ್ಟ್ಯಾಶ್‌ಗೆ ‘ಎತ್ತಿಡು’ ಅಂತ ಬರೆಯಬಹುದಾ? ಅಂಗಡಿ ಎಂಟಕ್ಕೆ ಮುಚ್ಚುತ್ತದೆ.