ಗುಳಿಗೆಗೆ ಬಗ್ಗದ ಫಿಟ್ಸ್, ತಲೆಯ ಮೇಲಿಂದ ಕರೆಂಟ್: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಈ ವಾರ ಉತ್ತರ ಕೊಡುವವರು ಮೈಸೂರಿನವರು, ಬಯೋಮೆಡಿಕಲ್ ಎಂಜಿನಿಯರ್. ಫ್ರಾನ್ಸಿನಲ್ಲಿ ಪಿಎಚ್‌ಡಿಯ ಕೊನೇ ವರ್ಷದಲ್ಲಿದ್ದಾರೆ. ತಲೆ ತೆರೆಯದೆ ಹೊರಗಿನಿಂದಲೇ ಸಣ್ಣ ಕರೆಂಟ್ ಕೊಟ್ಟು ಮೂರ್ಛೆರೋಗ ತಗ್ಗಿಸಲು ಸಾಧ್ಯವೇ, ಅದನ್ನು ಒಬ್ಬೊಬ್ಬರ ಮಿದುಳಿಗೆ ತಕ್ಕಂತೆ ಹೇಗೆ ಲೆಕ್ಕ ಹಾಕುವುದು ಎಂಬುದು ಅವರ ಸಂಶೋಧನೆ. ಅವರು ಡಾಕ್ಟರ್ ಅಲ್ಲ, ದಯವಿಟ್ಟು ಮಾತ್ರೆಯ ಡೋಸ್ ಕೇಳಬೇಡಿ.

ಒಬ್ಬ ತಾಯಿ, ಮಂಡ್ಯ: ನನ್ನ ಮಗನಿಗೆ 19 ವರ್ಷ ಮೇಡಂ. ಒಂಬತ್ತನೇ ವಯಸ್ಸಿಂದ ಫಿಟ್ಸ್ ಬರ್ತಿದೆ. ಮೂರು ಥರದ ಮಾತ್ರೆ ಆಯ್ತು, ಈಗಲೂ ತಿಂಗಳಿಗೆ ನಾಲ್ಕೈದು ಸಲ ಬರುತ್ತೆ. ತಲೆಗೆ ಕರೆಂಟ್ ಕೊಟ್ಟು ವಾಸಿ ಮಾಡ್ತಾರೆ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನಮಗೂ ಮಾಡಿಸಬಹುದಾ?

ಉತ್ತರ: ಅಮ್ಮ, ಸುತ್ತಿ ಬಳಸದೆ ಹೇಳುತ್ತೇನೆ. ಇದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ನಾಳೆ ಬೆಳಿಗ್ಗೆ ಹೋಗಿ ಮಾಡಿಸಿಕೊಂಡು ಬರುವಂಥ ಚಿಕಿತ್ಸೆಯಾಗಿಲ್ಲ. ಆದರೆ ‘ಮೂರು ಥರದ ಮಾತ್ರೆ’ ಅಂದಿರಲ್ಲ, ಆ ಮಾತನ್ನು ಬಿಟ್ಟು ನಾನು ಮುಂದಕ್ಕೆ ಹೋಗಲಾರೆ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ ಎಂದು ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಸಂಘ 2010ರಲ್ಲೇ ಹೇಳಿದೆ. ಗ್ಲಾಸ್ಗೋದ ವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಹೊಸದಾಗಿ ಚಿಕಿತ್ಸೆ ಶುರು ಮಾಡಿದ 470 ಜನರಲ್ಲಿ 222 ಜನರಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತಿತು. ಎರಡನೆಯದರಲ್ಲೋ ಮೂರನೆಯದರಲ್ಲೋ ನಿಂತದ್ದು 67 ಜನರಿಗೆ ಮಾತ್ರ. ಹಾಗಾಗಿ ನಾಲ್ಕನೇ ಮಾತ್ರೆಗೆ ಕಾಯುತ್ತಾ ಇನ್ನೆರಡು ವರ್ಷ ಕಳೆಯಬೇಡಿ. ‘ವಿಡಿಯೋ ಇಇಜಿ ಮಾಡಿಸಬೇಕು, ಆಪರೇಷನ್‌ಗೆ ಆಗುತ್ತಾ ನೋಡಬೇಕು’ ಎಂದು ನಿಮ್ಮ ನರರೋಗ ವೈದ್ಯರನ್ನು ಬಾಯಿಬಿಟ್ಟು ಕೇಳಿ. ವಿಡಿಯೋ ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಲೇ ರೋಗಿಯ ವಿಡಿಯೋ ತೆಗೆಯುವ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ತಪಾಸಣೆಯೂ ಇದೆ, ಶಸ್ತ್ರಚಿಕಿತ್ಸೆಯೂ ಇದೆ. ಮಿದುಳಿನಲ್ಲಿ ಕಿವಿಯ ಪಕ್ಕಕ್ಕಿರುವ ಟೆಂಪೊರಲ್ ಭಾಗದಿಂದ ಹುಟ್ಟುವ ಫಿಟ್ಸ್ ಇದ್ದ 80 ಜನರನ್ನು ಕೆನಡಾದಲ್ಲಿ ಎರಡು ಪಾಲು ಮಾಡಿ ನೋಡಿದ ಅಧ್ಯಯನ 2001ರಲ್ಲಿ ಬಂತು. ಒಂದು ವರ್ಷದ ಹೊತ್ತಿಗೆ, ಪ್ರಜ್ಞೆ ತಪ್ಪಿಸುವ ಫಿಟ್ಸ್‌ನಿಂದ ಬಿಡುಗಡೆ ಸಿಕ್ಕಿದ್ದು ಆಪರೇಷನ್ ಪಾಲಿಗೆ ಬಂದವರಲ್ಲಿ ಶೇ. 58 ಮಂದಿಗೆ, ಬರೀ ಮಾತ್ರೆಯಲ್ಲಿದ್ದವರಲ್ಲಿ ಶೇ. 8 ಮಂದಿಗೆ. ನಾನು ನಾಲ್ಕು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಇಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಅದಕ್ಕೇ ಮೊದಲು ಆ ಬಾಗಿಲು ತಟ್ಟಿ ಎನ್ನುತ್ತಿದ್ದೇನೆ.

ಒಬ್ಬ ಎಲೆಕ್ಟ್ರಿಷಿಯನ್, ಹಾಸನ: ಎಷ್ಟು ಆಂಪ್ ಕೊಡ್ತೀರಿ ಮೇಡಂ? ಸಿನಿಮಾದಲ್ಲಿ ತೋರಿಸೋ ಶಾಕ್ ಟ್ರೀಟ್‌ಮೆಂಟೇನಾ ಇದು?

ಉತ್ತರ: ಅದಲ್ಲ ಸರ್. ಶಾಕ್ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು, ನೂರಾರು ಮಿಲಿ ಆಂಪ್ ಹಾಯಿಸಿ, ಬೇಕೆಂದೇ ಫಿಟ್ಸ್ ತರಿಸುತ್ತಾರೆ. ನಾವು ಕೊಡುವುದು ಹೆಚ್ಚೆಂದರೆ 2 ಮಿಲಿ ಆಂಪ್, ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್), 20 ನಿಮಿಷ. ಸಣ್ಣ ಎಲ್‌ಇಡಿ ಒಂದು ಚೆನ್ನಾಗಿ ಉರಿಯಲು 20 ಮಿಲಿ ಆಂಪ್ ಬೇಕಲ್ಲ, ಅದರ ಹತ್ತನೇ ಒಂದು ಪಾಲು. ರೋಗಿ ಎಚ್ಚರವಾಗಿಯೇ ಕೂತಿರುತ್ತಾರೆ. ಅರ್ಧ ನಿಮಿಷದಲ್ಲಿ ಕರೆಂಟನ್ನು ನಿಧಾನಕ್ಕೆ ಏರಿಸುವಾಗ, ತಲೆಗೆ ಕರೆಂಟ್ ಹಾಯಿಸಲು ಇಟ್ಟ ಬಿಲ್ಲೆಯ, ಅಂದರೆ ಎಲೆಕ್ಟ್ರೋಡಿನ, ಕೆಳಗೆ ಇರುವೆ ಹರಿದ ಹಾಗೆ ಚುರುಚುರು ಎನ್ನುತ್ತದೆ, ಆಮೇಲೆ ಚರ್ಮ ಸ್ವಲ್ಪ ಕೆಂಪಾಗುತ್ತದೆ. ಆ ಕರೆಂಟಿನಲ್ಲೂ ಬಹುಪಾಲು ನೆತ್ತಿಯ ಚರ್ಮದಲ್ಲೇ ಅಡ್ಡ ಹರಿದುಹೋಗುತ್ತದೆ. ಆಪರೇಷನ್‌ಗೆಂದು ಮಿದುಳಿನೊಳಗೆ ತಂತಿ ಇಳಿಸಿದ್ದ ರೋಗಿಗಳಲ್ಲಿ ಅಳೆದು 2017ರಲ್ಲಿ ಪ್ರಕಟಿಸಿದ ಪ್ರಕಾರ ಒಳಗೆ ತಲುಪುವುದು ಮೀಟರಿಗೆ 1 ವೋಲ್ಟಿಗಿಂತ ಕಡಿಮೆ. ಅಷ್ಟರಿಂದ ನರಕೋಶ ಸಿಡಿಯುವುದಿಲ್ಲ, ಅಂದರೆ ತನ್ನ ವಿದ್ಯುತ್ ಸಂಕೇತ ಹೊರಡಿಸುವುದಿಲ್ಲ. ಸಿಡಿಯಲು ತುದಿಗಾಲಲ್ಲಿ ನಿಂತದ್ದು ಚೂರು ಹಿಂದೆ ಸರಿಯುತ್ತದೆ, ಅಷ್ಟೇ. ದಿನವೂ ಕೊಟ್ಟರೆ ಆ ಹಿಂಜರಿತ ಕೆಲವು ವಾರ ಉಳಿಯುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ.

ಇದರ ಜೊತೆಗೆ ಅಯಸ್ಕಾಂತದ ವಿಧಾನವೂ ಇದೆ. 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ಕಾಯಿಲ್ ಹಿಡಿದು ಮಿದುಳನ್ನು ಪ್ರಚೋದಿಸಿ ತೋರಿಸಿದರು. ಅದು ನರಕೋಶವನ್ನು ನಿಜಕ್ಕೂ ಸಿಡಿಸುತ್ತದೆ. ಸೆಕೆಂಡಿಗೆ ಒಂದರಂತೆ ಕೊಟ್ಟರೆ ಆ ಜಾಗ ತಣ್ಣಗಾಗುತ್ತದೆ, ಬೇಗಬೇಗ ಕೊಟ್ಟರೆ ಕೆರಳುತ್ತದೆ. ಕೆರಳಿದರೆ ಫಿಟ್ಸ್ ಬರಲೂಬಹುದು. ಖಿನ್ನತೆಗೆಂದು ಈ ಯಂತ್ರ ಇಟ್ಟುಕೊಂಡಿರುವ ಕ್ಲಿನಿಕ್‌ಗೆ ಹೋಗುವವರು ಮನೆಯಲ್ಲಿ ಯಾರಾದರೂ ಇದ್ದರೆ, ಫಿಟ್ಸ್ ಇರುವ ವಿಷಯ ಮೊದಲೇ ಹೇಳಲಿ.

ನಿವೃತ್ತ ವಿಜ್ಞಾನ ಶಿಕ್ಷಕರು, ತುಮಕೂರು: ‘ಒಬ್ಬೊಬ್ಬರಿಗೆ ತಕ್ಕಂತೆ’ ಅಂದಿರಿ. ತಲೆ ಎಲ್ಲರದೂ ಒಂದೇ ಅಲ್ಲವೇ? ಏನು ಬದಲಾಗುತ್ತದೆ?

ಉತ್ತರ: ಸರ್, ನನ್ನ ಇಡೀ ಪಿಎಚ್‌ಡಿ ಈ ಪ್ರಶ್ನೆಯ ಮೇಲೇ ನಿಂತಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಗದ್ದೆಗೆ ನೀರು ಬಿಟ್ಟ ಹಾಗೆ ಎಂದುಕೊಳ್ಳಿ. ನೀರು ನಾವು ಹೇಳಿದ ಕಡೆ ಹೋಗುವುದಿಲ್ಲ, ತಗ್ಗಿದ್ದ ಕಡೆ ಹೋಗುತ್ತದೆ. ತಲೆಬುರುಡೆ ಎತ್ತರದ ಬದುವಿನ ಥರ, ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ. ಮಿದುಳಿನ ಸುತ್ತ ಇರುವ ದ್ರವ ಕಾಲುವೆಯ ಥರ, ಎಳೆದುಕೊಂಡು ಓಡುತ್ತದೆ. ನಾವು ಲೆಕ್ಕಕ್ಕೆ ಬಳಸುವ ಅಂಕಿಗಳಲ್ಲಿ ಮೂಳೆಗಿಂತ ಈ ದ್ರವ ನೂರು ಪಟ್ಟಿಗೂ ಮಿಕ್ಕಿ ಸಲೀಸಾಗಿ ಕರೆಂಟ್ ಹಾಯಿಸುತ್ತದೆ. ಒಬ್ಬರ ಬುರುಡೆ ದಪ್ಪ, ಇನ್ನೊಬ್ಬರದು ತೆಳು. ವಯಸ್ಸಾದವರಲ್ಲಿ ಮಿದುಳು ಕುಗ್ಗಿ ದ್ರವ ಹೆಚ್ಚು. ಒಂದೇ ಜಾಗದಲ್ಲಿ ಎಲೆಕ್ಟ್ರೋಡ್ ಇಟ್ಟು ಒಂದೇ 2 ಮಿಲಿ ಆಂಪ್ ಕೊಟ್ಟರೂ ಒಳಗೆ ತಲುಪುವುದು ತಲೆಯಿಂದ ತಲೆಗೆ ಬೇರೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮಿದುಳಿನ ಮಡಿಕೆ. ಸೀರೆಯ ನೆರಿಗೆಯ ಮೇಲೆ ಗಾಳಿ ಬೀಸಿದರೆ ಒಂದು ನೆರಿಗೆಯ ಮುಖಕ್ಕೆ ಹೊಡೆಯುತ್ತದೆ, ಪಕ್ಕದ ಮಡಿಕೆಯ ಬೆನ್ನಿಗೆ ತಾಕುತ್ತದೆ. ಮಿದುಳಿನ ಹೊರಪದರದ ದೊಡ್ಡ ನರಕೋಶಗಳು ಆ ಪದರಕ್ಕೆ ನೆಟ್ಟಗೆ ನಿಂತಿರುತ್ತವೆ. ಹಾಗಾಗಿ ಮಡಿಕೆಯ ಒಂದು ಗೋಡೆಯನ್ನು ತಣ್ಣಗಾಗಿಸುವ ಅದೇ ಕರೆಂಟ್ ಎದುರು ಗೋಡೆಯನ್ನು ಕೆರಳಿಸಬಹುದು. ‘ಋಣ ಎಲೆಕ್ಟ್ರೋಡ್ ಇಟ್ಟರೆ ಶಾಂತವಾಗುತ್ತದೆ’ ಎಂಬ ಸರಳ ಸೂತ್ರವನ್ನು ನಂಬಿ ಫಿಟ್ಸ್ ಇರುವ ಮಿದುಳಿಗೆ ಕೈಹಾಕಲು ನನಗೆ ಧೈರ್ಯವಿಲ್ಲ.

ಆದ್ದರಿಂದ ರೋಗಿಯ ಎಂಆರ್‌ಐಯನ್ನು ಚರ್ಮ, ಮೂಳೆ, ದ್ರವ, ಬೂದು ಭಾಗ, ಬಿಳಿ ಭಾಗ ಎಂದು ವಿಂಗಡಿಸಿ, ಲಕ್ಷಾಂತರ ಪುಟ್ಟ ತುಂಡುಗಳ ತಲೆಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆ. ಅದರಲ್ಲಿ ಎಲೆಕ್ಟ್ರೋಡುಗಳನ್ನು ಅಲ್ಲಿಟ್ಟು ಇಲ್ಲಿಟ್ಟು, ಯಾವ ಜೋಡಣೆಯಲ್ಲಿ ಬೇಕಾದ ಜಾಗಕ್ಕೆ ಬೇಕಾದ ದಿಕ್ಕಿನಲ್ಲಿ ಕರೆಂಟ್ ತಲುಪುತ್ತದೆ ಎಂದು ಹುಡುಕುತ್ತೇವೆ. ವಿಂಗಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ ನಿಜ, ಆದರೆ ನಾನು ಪ್ರತಿಯೊಂದು ಪದರವನ್ನೂ ಕಣ್ಣಾರೆ ನೋಡುತ್ತೇನೆ. ಮೊದಲ ವರ್ಷ ಒಂದು ತಲೆಯಲ್ಲಿ ಲೆಕ್ಕ ವಿಚಿತ್ರವಾಗಿ ಬಂತು, ಎಡ ಕಿವಿಯ ಮೇಲ್ಭಾಗದಲ್ಲಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಕರೆಂಟ್ ನುಗ್ಗಿತ್ತು. ಹಿಂದಿನ ಆಪರೇಷನ್ನಿನಲ್ಲಿ ಕೊರೆದಿದ್ದ ಹೆಬ್ಬೆರಳ ಉಗುರಿನಷ್ಟು ತೂತು ಅದು. ಬದು ಒಡೆದ ಕಡೆ ನೀರು ನುಗ್ಗಿದ ಹಾಗೆ. ಎಲ್ಲರಿಗೂ ಒಂದೇ ಟೋಪಿ ಹಾಕಿಸಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಇಷ್ಟಾದರೂ ಅರ್ಧ ಕೆಲಸ. ‘ಬೇಕಾದ ಜಾಗ’ ಯಾವುದು? ಫಿಟ್ಸ್ ಹುಟ್ಟುವ ಮೂಲವನ್ನು ಹುಡುಕಲು ಇಲ್ಲಿ ಫ್ರಾನ್ಸಿನಲ್ಲಿ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ತೆಳ್ಳನೆಯ ತಂತಿಗಳನ್ನು ಇಳಿಸುವ ವಿಧಾನ ಬಹಳ ಹಿಂದಿನದು. ತಾಲೈರಾಕ್ ಮತ್ತು ಬ್ಯಾಂಕೊ ಎಂಬ ಇಬ್ಬರು ವೈದ್ಯರು ಪ್ಯಾರಿಸ್ಸಿನಲ್ಲಿ ಅದನ್ನು ಬೆಳೆಸಿದರು. ಆಪರೇಷನ್ ಸಾಧ್ಯವೇ ಎಂದು ನೋಡಲು ಹಾಗೆ ಪರೀಕ್ಷಿಸಿಕೊಂಡು, ಕೊನೆಗೆ ಸಾಧ್ಯವಿಲ್ಲ ಎನಿಸಿಕೊಂಡವರ ದಾಖಲೆ ನಮಗೆ ಬಂಗಾರ. ಮಾರ್ಸೇಯ ಫ್ಯಾಬ್ರಿಸ್ ಬಾರ್ಟೊಲೊಮೈ, ರೆನ್ ನಗರದ ಫ್ಯಾಬ್ರಿಸ್ ವೆಂಡ್ಲಿಂಗ್, ಬಾರ್ಸಿಲೋನಾದ ಜೂಲಿಯೊ ರುಫಿನಿ ಎಂಬ ಸಂಶೋಧಕರು ಸೇರಿ ಕೈಗೊಂಡ ಗಾಲ್ವಾನಿ ಯೋಜನೆ ಇದೇ ದಾರಿಯದು. ಮೂಲ ಒಂದೇ ಚುಕ್ಕೆಯಲ್ಲ, ಒಂದನ್ನೊಂದು ಎಬ್ಬಿಸುವ ಹಲವು ಜಾಗಗಳ ಜಾಲ. ಅದಕ್ಕೇ ಎರಡು ದೊಡ್ಡ ಸ್ಪಂಜಿನ ಎಲೆಕ್ಟ್ರೋಡುಗಳ ಬದಲು ಹಲವು ಸಣ್ಣ ಎಲೆಕ್ಟ್ರೋಡುಗಳು.

ಒಬ್ಬ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ: ಕೊನೆಗೆ ಫಲ ಸಿಕ್ಕಿದೆಯೇ?

ಉತ್ತರ: ಭರವಸೆ ಸಿಕ್ಕಿದೆ. ಫಲ ಎನ್ನಲು ನಾಲಿಗೆ ಬರುವುದಿಲ್ಲ. 2006ರಲ್ಲಿ 19 ಜನರಿಗೆ ಒಂದೇ ಸಲ ಡಿಸಿ ಕರೆಂಟ್ ಕೊಟ್ಟ ಪ್ರಯೋಗದಲ್ಲಿ ಇಇಜಿಯಲ್ಲಿ ಕಾಣುವ, ಮೂರ್ಛೆರೋಗದ ಗುರುತಾದ ಚೂಪು ಅಲೆಗಳು ಸ್ಪಷ್ಟವಾಗಿ ಕಡಿಮೆಯಾದವು, ಆದರೆ ಫಿಟ್ಸ್ ಕಡಿಮೆಯಾಯಿತು ಎಂದು ಗಟ್ಟಿಯಾಗಿ ಹೇಳಲಾಗಲಿಲ್ಲ. ಅಯಸ್ಕಾಂತದಲ್ಲಿ ಒಂದು ಅಧ್ಯಯನ ಹೌದು ಎಂದರೆ ಇನ್ನೊಂದು ಇಲ್ಲ ಎಂದಿತು. ಮೂಲ ಮಿದುಳಿನ ಮೇಲ್ಮೈಯಲ್ಲಿದ್ದವರಿಗೆ ಹೆಚ್ಚು ಅನುಕೂಲ, ಆಳದಲ್ಲಿದ್ದವರಿಗೆ ಕಡಿಮೆ. ಬೋಸ್ಟನ್ನಿನಲ್ಲಿ ಪ್ರತಿ ರೋಗಿಗೂ ಬೇರೆ ಬೇರೆ ಜೋಡಣೆ ಲೆಕ್ಕ ಹಾಕಿ ಎರಡು ವಾರದಲ್ಲಿ ಹತ್ತು ಸಲ ಕೊಟ್ಟರು. 20 ಜನ ಸೇರಿದ್ದ ಆ ಪ್ರಯೋಗದಲ್ಲಿ ಫಿಟ್ಸ್ ನಡುಮಟ್ಟದಲ್ಲಿ ಶೇ. 44ರಷ್ಟು ಇಳಿಯಿತು, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಉಳಿದರ್ಧ ಜನರಿಗೆ ಅದಕ್ಕಿಂತ ಕಡಿಮೆ. ನನಗೆ ಅದನ್ನು ಓದಿದ ದಿನ ನಿದ್ದೆ ಬರಲಿಲ್ಲ. ಆದರೆ ಅದರಲ್ಲಿ ಹೋಲಿಸಿ ನೋಡಲು ಸುಳ್ಳು ಕರೆಂಟಿನ ಗುಂಪು ಇರಲಿಲ್ಲ.

ಸುಳ್ಳು ಕರೆಂಟ್ ಎಂದರೆ ಅರ್ಧ ನಿಮಿಷ ಏರಿಸಿ, ಚುರುಚುರು ಎನಿಸಿ, ಸದ್ದಿಲ್ಲದೆ ನಿಲ್ಲಿಸುವುದು. ಕೂತವರಿಗೂ ಗೊತ್ತಾಗುವುದಿಲ್ಲ, ಫಿಟ್ಸ್ ಎಣಿಸುವವರಿಗೂ ಗೊತ್ತಿರುವುದಿಲ್ಲ. ಇದು ಮೋಸ ಎಂದು ಕೆಲವರು ಬೇಸರಪಡುತ್ತಾರೆ, ಆದರೆ ಇದಿಲ್ಲದೆ ಸತ್ಯ ತಿಳಿಯದು. ಕಾಯಿಲೆ ತೀರಾ ಜೋರಾದಾಗಲೇ ಜನ ಪ್ರಯೋಗಕ್ಕೆ ಬರುತ್ತಾರೆ. ಏನೂ ಮಾಡದಿದ್ದರೂ ಮುಂದಿನ ತಿಂಗಳು ಕೊಂಚ ಇಳಿಯುತ್ತದೆ. ಎಣಿಕೆಯೂ ಅಷ್ಟು ಸುಲಭವಲ್ಲ. ನನ್ನ ಅಕ್ಕನಿಗೂ ಫಿಟ್ಸ್ ಇದೆ. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಒಂದು ವರ್ಷ ಮೇ ತಿಂಗಳ ಪುಟದಲ್ಲಿ ಒಂದೂ ಗುರುತಿಲ್ಲ. ಕಾಯಿಲೆ ಇಳಿದಿರಲಿಲ್ಲ, ಅಮ್ಮ ತಂಗಿಯ ಬಾಣಂತನಕ್ಕೆ ಊರಿಗೆ ಹೋಗಿದ್ದರು. ಪ್ರಯೋಗದ ಡೈರಿ ನೋಡುವಾಗಲೆಲ್ಲ ನನಗೆ ಆ ಖಾಲಿ ಪುಟ ಕಣ್ಣ ಮುಂದೆ ಬರುತ್ತದೆ.

ಒಬ್ಬ ಗೃಹಿಣಿ, ನಂಜನಗೂಡು: ನಮ್ಮ ಯಜಮಾನರಿಗೆ ತಲೆಗೆ ಬಿಸಿನೀರು ಹುಯ್ಕೊಂಡಾಗ ಮಾತ್ರ ಫಿಟ್ಸ್ ಬರುತ್ತೆ. ಅದಕ್ಕೂ ಕರೆಂಟ್ ಬೇಕಾ?

ಉತ್ತರ: ಬೇಡ ಅಕ್ಕ. ಇದು ನಮ್ಮ ಮೈಸೂರು, ಮಂಡ್ಯ ಕಡೆ ಹೆಚ್ಚಾಗಿ ಕಾಣುವ ‘ಬಿಸಿನೀರಿನ ಫಿಟ್ಸ್’. ಡಾ. ಕೆ. ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ಬಹಳ ಕಾಲ ಅಭ್ಯಾಸ ಮಾಡಿದ್ದಾರೆ. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಬೇಗಬೇಗ ನೆತ್ತಿಗೆ ಹೊಯ್ದುಕೊಳ್ಳುವುದು ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಬರಲಿ. ಅದಕ್ಕೂ ಬಗ್ಗದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯೂ ಇದೆ, ವೈದ್ಯರು ಬರೆದುಕೊಡುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರಲಿ.

ಒಬ್ಬ ಸದಸ್ಯರು, ಹುಬ್ಬಳ್ಳಿ: ಆನ್‌ಲೈನ್‌ದಾಗ ತಲೀಗೆ ಹಾಕ್ಕೊಳ್ಳೋ ಮಷಿನ್ ಸಿಗತಾವರಿ. ತರಿಸಿ ನೋಡಲ್ಯಾ?

ಉತ್ತರ: ದಯವಿಟ್ಟು ಬೇಡರಿ. ಮೇಲೆ ನೆರಿಗೆಯ ಮಾತು ಹೇಳಿದೆನಲ್ಲ, ತಪ್ಪು ಗೋಡೆ ಕೆರಳಿದರೆ ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಯಾರಾದರೂ ‘ಪ್ರಯೋಗಕ್ಕೆ ಸೇರಿ’ ಎಂದು ದುಡ್ಡು ಕೇಳಿದರೂ ಎದ್ದು ಬನ್ನಿ. ನಮ್ಮ ದೇಶದಲ್ಲಿ ಇಂಥ ಪ್ರಯೋಗ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿ, ಅಲ್ಲೇ ಮೊಬೈಲಿನಲ್ಲಿ ನೋಡಿ.

ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ: ಇಸಿ (ಎಲೆಕ್ಟ್ರಾನಿಕ್ಸ್) ಕೊನೇ ವರ್ಷ ಮೇಡಂ. ಈ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅಂದ್ರೆ ಏನು ಓದಿಕೊಳ್ಳಲಿ?

ಉತ್ತರ: ಪೈಥಾನ್, ವಿದ್ಯುತ್‌ಕ್ಷೇತ್ರದ ಗಣಿತ, ಸಂಖ್ಯಾಶಾಸ್ತ್ರ. ಸಿಮ್‌ನಿಬ್ಸ್ ಎಂಬ ಸಾಫ್ಟ್‌ವೇರ್ ಉಚಿತ, ಅದರ ಮಾದರಿ ತಲೆಯ ಮೇಲೆ ಇವತ್ತೇ ಲೆಕ್ಕ ಹಾಕಿ ನೋಡು. ಆಮೇಲೆ ಯಾವುದಾದರೂ ಆಸ್ಪತ್ರೆಯವರನ್ನು ಕೇಳಿಕೊಂಡು ಇಇಜಿ ಕೋಣೆಯಲ್ಲಿ ಕೆಲವು ದಿನ ಕೂರು. ಟೆಕ್ನಿಷಿಯನ್ ಟೇಪ್ ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗಂಟಿನವರೆಗೆ ಅಳೆಯುವುದನ್ನು ನೋಡು. ಕಂಪ್ಯೂಟರಿನಲ್ಲಿ ನೀನು ಮಿಲಿಮೀಟರ್ ಲೆಕ್ಕದಲ್ಲಿ ಇಟ್ಟ ಎಲೆಕ್ಟ್ರೋಡ್, ಜಡೆ ದಪ್ಪವಿರುವ ಹುಡುಗಿಯ ತಲೆಯಲ್ಲಿ ಒಂದು ಸೆಂಟಿಮೀಟರ್ ಜಾರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕು. ಒಳ್ಳೆಯ ಪ್ರಬಂಧಕ್ಕೆ ಅಷ್ಟು ವಿಷಯ ಸಾಕು.

ಮಂಡ್ಯದ ತಾಯಿ: ಮೇಡಂ, ನಾಳೆಯೇ ಡಾಕ್ಟರ್ ಹತ್ರ ಹೋಗಿ ವಿಡಿಯೋ ಇಇಜಿಗೆ ಬರೆಸ್ಕೊಂಡು ಬರ್ತೀವಿ. ಹೋಗುವಾಗ ಏನೇನು ತಗೊಂಡು ಹೋಗಬೇಕು?

ಉತ್ತರ: ತುಂಬ ಸಂತೋಷ ಅಮ್ಮ. ಎಂಆರ್‌ಐ ರಿಪೋರ್ಟ್ ಮಾತ್ರ ಸಾಲದು, ಸಿಡಿಯೂ ಬೇಕು. ಇದುವರೆಗಿನ ಮಾತ್ರೆಗಳ ಹೆಸರು, ಎಷ್ಟು ದಿನ ನುಂಗಿದ, ಯಾಕೆ ನಿಲ್ಲಿಸಿದರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಸಲ ಫಿಟ್ಸ್ ಬಂದಾಗ ಮಗನನ್ನು ಮಗ್ಗುಲಿಗೆ ಹೊರಳಿಸಿ, ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಶುರುವಿನಿಂದಲೇ ವಿಡಿಯೋ ತೆಗೆಯಲಿ: ಮುಖ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಸೆಟೆಯಿತು, ಎಚ್ಚರವಾದ ಮೇಲೆ ಮಾತು ಎಷ್ಟು ಹೊತ್ತಿಗೆ ಬಂತು. ಮೂಲ ಎಲ್ಲಿದೆ ಎಂಬುದಕ್ಕೆ ವೈದ್ಯರಿಗೆ ಅದು ದೊಡ್ಡ ಸುಳಿವು. ಮಾತ್ರೆಯನ್ನು ನೀವಾಗಿಯೇ ಕಡಿಮೆ ಮಾಡಬೇಡಿ, ವಾರ್ಡಿನಲ್ಲಿ ಬೇಕಿದ್ದರೆ ಅವರೇ ಮಾಡುತ್ತಾರೆ. ಹೋಗುವ ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ. ಮುಂದೆ ಗುಂಡಿ ಇರುವ ಅಂಗಿಗಳನ್ನೇ ಇಟ್ಟುಕೊಳ್ಳಿ, ತಲೆ ತುಂಬ ವೈರ್ ಅಂಟಿಸಿದ ಮೇಲೆ ಟೀ ಶರ್ಟ್ ಕಳಚಲು ಆಗುವುದಿಲ್ಲ.